ಸುಟ್ಟ ಗುಡ್ಡಕ್ಕೆ ಹೋಗಬಹುದಾ? ಕಾಡಿನ ಬೆಂಕಿ ಆರಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಕಳೆಯಿತೆಂದರೆ ಸಂಡೂರು, ಆನೆಗೊಂದಿ, ಗಂಗಾವತಿ ಕಡೆಯ ಗುಡ್ಡಗಳಲ್ಲಿ ಕರಡದ ಹುಲ್ಲು ಒಣಗಿ ನಿಂತಿರುತ್ತದೆ. ಎಲ್ಲೋ ಒಂದು ಬೀಡಿ ತುಂಡು, ಯಾರೋ ಹೊಸ ಹುಲ್ಲಿನ ಆಸೆಗೆ ಗೀರಿದ ಒಂದು ಕಡ್ಡಿ, ಅಷ್ಟು ಸಾಕು. ರಾತ್ರಿ ಊರೆಲ್ಲ ಮಾಳಿಗೆ ಹತ್ತಿ ಗುಡ್ಡದ ಮೇಲಿನ ಬೆಂಕಿ ಸಾಲು ನೋಡುತ್ತದೆ, ಬೆಳಿಗ್ಗೆ ಎದ್ದವರಿಗೆಲ್ಲ ಅಲ್ಲಿಗೆ ಹೋಗಬೇಕೆನಿಸುತ್ತದೆ. ಚಹಾ ಅಂಗಡಿಯ ಮಾತಿನಲ್ಲಿ, ಪಂಚಾಯಿತಿ ಕಟ್ಟೆಯ ಮೇಲೆ, ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲು ಕೇಳುವವು

ಬೆಂಕಿ ಆರೈತಲ್ಲ, ಹೊಗೀನೂ ಇಲ್ಲ. ಇನ್ನೂ ಯಾಕ ಒಳಗ ಬಿಡಂಗಿಲ್ಲ?

ಆರಿದ್ದು ಹುಲ್ಲಿನ ಬೆಂಕಿ. ಅದು ಒಂದು ಜಾಗದಲ್ಲಿ ಒಂದೆರಡು ನಿಮಿಷವೂ ನಿಲ್ಲುವುದಿಲ್ಲ, ಮುಂದಕ್ಕೆ ಓಡುತ್ತದೆ. ಹಿಂದೆ ಉಳಿಯುವುದು ಬೇರೆ ಬೆಂಕಿ: ಒಣಗಿದ ಬೊಡ್ಡೆ, ಬಿದ್ದ ದಿಮ್ಮಿ, ಪೊಟರೆ ಬಿದ್ದ ದಿಂಡಿಗದ ಮರ, ದನದ ಸಗಣಿ, ಕುರಿ ಹಟ್ಟಿ ಹಾಕಿದ್ದ ಜಾಗದ ಹಿಕ್ಕೆಯ ಗುಪ್ಪೆ. ಇವು ಜ್ವಾಲೆಯಿಲ್ಲದೆ ಒಳಗೊಳಗೇ ಕೆಂಡವಾಗಿ ಉರಿಯುತ್ತಿರುತ್ತವೆ. ಹಗಲು ಬಿಸಿಲಲ್ಲಿ ಆ ಕೆಂಡವೂ ಕಾಣದು, ಅದರ ತೆಳು ಹೊಗೆಯೂ ಕಾಣದು. ಮಧ್ಯಾಹ್ನದ ಗಾಳಿ ಎದ್ದರೆ ಒಂದು ಕಿಡಿ ಹಾರಿ, ಸುಡದೆ ಉಳಿದ ಹುಲ್ಲಿಗೆ ಬಿದ್ದು ಮತ್ತೆ ಶುರು. ಅದಕ್ಕೇ ಅನುಭವಸ್ಥರು ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಅಂಚಿನಲ್ಲೆಲ್ಲೂ ಹೊಗೆ ಕಾಣದಿದ್ದರೆ ಮಾತ್ರ ‘ಆರಿತು’ ಎನ್ನುತ್ತಾರೆ. ಅಲ್ಲಿಯವರೆಗೆ ಅವರ ಲೆಕ್ಕದಲ್ಲಿ ಅದು ಬೆಂಕಿ ಬಿದ್ದ ಗುಡ್ಡವೇ.

ಮತ್ತ ಎಷ್ಟು ದಿನ ಬಿಟ್ಟು ಹೋಗಬೌದು?

ದಿನದ ಲೆಕ್ಕ ಎಲ್ಲ ಕಡೆಗೂ ಒಂದೇ ಅಲ್ಲ, ಏನು ಸುಟ್ಟಿದೆ ಎಂಬುದರ ಮೇಲೆ ಹೋಗುತ್ತದೆ. ಬರೀ ಹುಲ್ಲಿನ ಇಳಿಜಾರು ಎರಡು ಮೂರು ದಿನಕ್ಕೆ ತಣ್ಣಗಾಗುತ್ತದೆ. ಮರ, ದಿಮ್ಮಿ ಇದ್ದ ಕಡೆ ವಾರ ಹಿಡಿಯಬಹುದು. ಹಳೆಯ ಕಮರ ಮರದ ಬೊಡ್ಡೆಯೋ ಹಿಕ್ಕೆಯ ಗುಪ್ಪೆಯೋ ಇದ್ದರೆ ಅದಕ್ಕೂ ಹೆಚ್ಚು. ನೆಲ ನೆನೆಯುವಂಥ ಒಂದು ಮಳೆ ಬಿದ್ದರೆ ಸಂಶಯ ಕಡಿಮೆಯಾಗುತ್ತದೆ, ತುಂತುರು ಸಾಲದು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇವೆ: ತಣ್ಣಗಾಯಿತು ಎಂದರೆ ಬಾಗಿಲು ತೆರೆಯಿತು ಎಂದಲ್ಲ. ಜನ ಹೆಚ್ಚಾಗಿ ಎಡವುವುದು ಇವೆರಡನ್ನು ಒಂದು ಮಾಡಿಕೊಂಡೇ.

ನಮ್ಮೂರ ಗುಡ್ಡಾನ ಅದು, ದಿನಾ ದನ ಹೊಡಕೊಂಡು ಹೋಗ್ತೀವಿ. ಅದಕ್ಕೂ ಪರ್ಮಿಶನ್ ಬೇಕಾ?

ಕಣ್ಣಿಗೆ ಒಂದೇ ಗುಡ್ಡ, ಕಾಗದದಲ್ಲಿ ನಾಲ್ಕು ಇರಬಹುದು: ತಪ್ಪಲಲ್ಲಿ ಪಟ್ಟಾ ಹೊಲ, ಅದರ ಮೇಲೆ ಕಂದಾಯ ಇಲಾಖೆಯ ಗುಡ್ಡ ಅಥವಾ ಗೋಮಾಳ, ಮೇಲಕ್ಕೆ ಮೀಸಲು ಅರಣ್ಯ, ಅದರಾಚೆ ಗಣಿ ಗುತ್ತಿಗೆ. ಮೀಸಲು ಅರಣ್ಯ ಎಲ್ಲಿ ಶುರುವಾಗುತ್ತದೆ ಎಂದು ಗಡಿಕಲ್ಲು, ಅರಣ್ಯ ಇಲಾಖೆಯ ಕಂದಕ, ಫಲಕ ನೋಡಿ ಅಂದಾಜು ಮಾಡಬಹುದು. ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಆ ನಂಬರಿನ ಪಹಣಿಯಲ್ಲಿ ಜಮೀನು ಯಾರದೆಂದು ನೋಡಿಕೊಳ್ಳಬಹುದು. ಗುಡ್ಡದ ಮೇಲೆ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದುಂಟು, ಗಡಿಯ ಹತ್ತಿರ ಅದೊಂದನ್ನೇ ನಂಬಬೇಡಿ. ಎಲ್ಲಕ್ಕಿಂತ ಬೇಗ ಉತ್ತರ ಸಿಗುವುದು ನಿಮ್ಮ ಗಸ್ತಿನ ಅರಣ್ಯ ಪಾಲಕರಿಂದ, ಊರವರ ಬಾಯಲ್ಲಿ ಗಾರ್ಡ್ ಸಾಹೇಬರಿಂದ. ವರ್ಷವೆಲ್ಲ ಕಂಡೂ ಕಾಣದಂತೆ ಬಿಡುವ ದಾರಿಯನ್ನು ಬೆಂಕಿಯ ನಂತರ ಅವರು ಬಿಗಿ ಮಾಡಬಹುದು. ಹಾಗೆ ಮಾಡುವ ಅಧಿಕಾರ ಅವರಿಗಿದೆ.

ನಮ್ಮ ರಾಯಚೂರ ಕಡೆ ಕಾಡ ಇಲ್ಲ, ಇದೆಲ್ಲ ನಮಗ್ಯಾಕ್ರಿ?

ಕಾಡು ಕಡಿಮೆ ನಿಜ, ಕುರುಚಲು ಗುಡ್ಡಗಳಿಗೇನೂ ಬರವಿಲ್ಲ. ಅದರಲ್ಲೂ ಹಟ್ಟಿ–ಮಸ್ಕಿ ಸೀಮೆಯಲ್ಲಿ ಬಹಳ ಹಳೆಯ ಕಾಲದ ಚಿನ್ನದ ಗುಂಡಿಗಳಿವೆ. ಕೆಲವು ಹೂತು ಹೋಗಿವೆ, ಕೆಲವು ಪೊದೆ ಮುಚ್ಚಿ ನಿಂತಿವೆ. ‘ಅಲ್ಲೊಂದು ಪೊದೆ ಐತಿ, ಆಚೆ ಹೋಗಬ್ಯಾಡ’ ಎಂದು ದನ ಕಾಯುವವರು ಗುರುತಿಟ್ಟುಕೊಂಡ ಪೊದೆಯೇ ಸುಟ್ಟು ಹೋದರೆ ಬಾಯಿ ತೆರೆದ ಗುಂಡಿಯ ಅಂಚು ಬೂದಿಯಡಿ ತಿಳಿಯುವುದಿಲ್ಲ. ಗುರುತು ಸುಟ್ಟ ಗುಡ್ಡ, ಗೊತ್ತಿರುವವರಿಗೂ ಹೊಸ ಗುಡ್ಡ.

ಬೂದಿ ನೋಡಿ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಅಂತ ಗೊತ್ತಾಗ್ತದಾ?

ಗೊತ್ತಾಗುತ್ತದೆ, ಅಲ್ಲಿ ಹೋಗುವ ಪರವಾನಗಿ ಇದ್ದವರು ಮೊದಲು ಕಲಿಯಬೇಕಾದ್ದೇ ಇದು. ಕಪ್ಪು ಬೂದಿ ಎಂದರೆ ಬೆಂಕಿ ಬೇಗ ದಾಟಿ ಹೋಗಿದೆ, ಪೂರ್ತಿ ಸುಡುವಷ್ಟು ಹೊತ್ತು ನಿಂತಿಲ್ಲ. ಅಂಥ ಕಡೆ ನಾಲ್ಕು ಬೆರಳು ಕೆಳಗಿನ ಮಣ್ಣು ಬಿಸಿಯೇ ಆಗಿರುವುದಿಲ್ಲ. ಬಿಳಿ ಅಥವಾ ತಿಳಿ ಬೂದು ಬಣ್ಣದ ಬೂದಿ ಎಂದರೆ ಅಲ್ಲಿ ತಾಸುಗಟ್ಟಲೆ ಉರಿದಿದೆ. ಕಪ್ಪು ನೆಲದ ಮೇಲೆ ಮಲಗಿದ ಮರದ ಆಕಾರಕ್ಕೇ, ಕಾಂಡ ಕೊಂಬೆ ಸಮೇತ, ಬಿಳಿ ಗೆರೆ ಬಿದ್ದಿರುತ್ತದೆ. ಆ ಗೆರೆಯ ಒಂದು ತುದಿಯಲ್ಲಿ ಗುಂಡಾದ ಬಿಳಿ ಮಚ್ಚೆ ಇದ್ದರೆ ಅದು ಬೊಡ್ಡೆ ಇದ್ದ ಜಾಗ. ಬೊಡ್ಡೆಯ ಜೊತೆ ಬೇರುಗಳೂ ಸುಟ್ಟು ಕೆಳಗೆ ಪೊಳ್ಳಾಗಿ, ಮೇಲೆ ಮಣ್ಣಿನ ತೆಳು ಪದರ ಮಾತ್ರ ನಿಂತಿರುತ್ತದೆ. ಕಾಲಿಟ್ಟರೆ ಮೊಣಕಾಲಿನವರೆಗೆ ಕೆಂಡದೊಳಗೆ.

ಮುಂದಿನ ಹೆಜ್ಜೆಗೆ ಮೊದಲು ಉದ್ದನೆ ಕೋಲಿನಿಂದ ಒತ್ತಿ ನೋಡಬೇಕು. ಸಂಶಯ ಬಂದ ಕಡೆ ಬೂದಿಯ ಮೇಲೆ, ಮುಟ್ಟದೆ, ಅಂಗೈಯ ಹಿಂಭಾಗ ಹಿಡಿದರೆ ಶಾಖ ತಿಳಿಯುತ್ತದೆ. ಅಂಗೈಗಿಂತ ಹಿಂಗೈ ಚರ್ಮ ತೆಳು, ಬೇಗ ಹೇಳುತ್ತದೆ. ಬೊಡ್ಡೆಯ ಬಿಳಿ ಮಚ್ಚೆಯಿಂದ ಒಂದು ಮಾರು ದೂರವೇ ನಡೆಯಿರಿ, ಬೇರು ಅಲ್ಲಿಗೇ ನಿಂತಿರುವುದಿಲ್ಲ.

ಹೋಗಲೇಬೇಕಾದವರು ಏನು ಹಾಕ್ಕೊಂಡು ಹೋಗಬೇಕು?

ಹವಾಯಿ ಚಪ್ಪಲಿ, ಸ್ಪೋರ್ಟ್ಸ್ ಶೂ ಎರಡೂ ಬೇಡ, ಬಿಸಿ ಬೂದಿಗೆ ಅಡಿ ಕರಗುತ್ತದೆ. ಹಿಮ್ಮಡಿಯ ಮೇಲಕ್ಕೆ ಬರುವ ಚರ್ಮದ ಬೂಟು ಇರಲಿ. ದಪ್ಪ ಹತ್ತಿಯ ಪ್ಯಾಂಟು ಬೂಟಿನ ಹೊರಗೆ ಇಳಿಬಿಡಿ, ಒಳಗೆ ಸೇರಿಸಿದರೆ ಕಿಡಿ ಬೂಟಿನೊಳಗೇ ಬೀಳುತ್ತದೆ. ಪಾಲಿಸ್ಟರ್ ಟೀ ಶರ್ಟು ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಅದು ಸುಟ್ಟ ಗಾಯಕ್ಕಿಂತ ಕೆಟ್ಟದ್ದು. ಏಪ್ರಿಲ್ ಬಿಸಿಲಿಗೆ ಕಪ್ಪು ನೆಲ ಬೇರೆ ಸೇರಿದರೆ ಒಬ್ಬೊಬ್ಬರಿಗೆ ಮೂರು ನಾಲ್ಕು ಲೀಟರ್ ನೀರು ಬೇಕೇ ಬೇಕು, ಮರ ಸುಟ್ಟ ಮೇಲೆ ನೆರಳೂ ಇಲ್ಲ. ಮೋಟರ್ ಸೈಕಲ್ಲನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಸುಟ್ಟ ಗುಡ್ಡ ನೋಡಲು ಬಂದವರ ಸೈಲೆನ್ಸರ್ ಬಿಸಿಗೆ ಸುಡದ ಗುಡ್ಡ ಹತ್ತಿಕೊಂಡರೆ ಅದಕ್ಕಿಂತ ಫಜೀತಿ ಇಲ್ಲ.

ಕರ್ಚೀಫ್ ಒದ್ದೆ ಮಾಡಿ ಕಟ್ಟಿಕೊಂಡರೆ ಸಾಕಲ್ಲ?

ಸಾಲದು. ಒದ್ದೆ ಬಟ್ಟೆ ದಪ್ಪ ಬೂದಿಯನ್ನು ತಡೆಯುತ್ತದೆ, ಹೊಗೆಯ ಸಣ್ಣ ಕಣಗಳನ್ನಲ್ಲ. ಎನ್95 ಮಾಸ್ಕ್ ಮೂಗಿನ ಮೇಲೆ ಸಂದಿಯಿಲ್ಲದಂತೆ ಕೂತರೆ ಕೆಲಸ ಮಾಡುತ್ತದೆ. ಅಸ್ತಮಾ ಇದ್ದವರು, ಬಸುರಿಯರು, ಮಕ್ಕಳು ಹೋಗಲೇಬಾರದು.

ಕಾಲು ಸುಟ್ಟರೆ ಏನು ಮಾಡಬೇಕು?

20 ನಿಮಿಷ ಹರಿಯುವ ತಣ್ಣೀರು. ಗುಡ್ಡದ ಮೇಲೆ ನಲ್ಲಿ ಇಲ್ಲವಲ್ಲ, ಬಾಟಲಿ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕೆಳಗಿಳಿಸಿ, ಮೊದಲು ಸಿಕ್ಕ ಬೋರ್‌ವೆಲ್ಲಿನ ಹತ್ತಿರ ಉಳಿದ ಹೊತ್ತು ಮುಗಿಸಿ. ಕಾಲುಂಗುರ, ಗೆಜ್ಜೆ, ಬಿಗಿ ಸಾಕ್ಸ್ ಬಾವು ಬರುವ ಮೊದಲೇ ತೆಗೆಯಿರಿ, ಚರ್ಮಕ್ಕೆ ಅಂಟಿದ ಬಟ್ಟೆ ಮಾತ್ರ ಎಳೆಯಬೇಡಿ. ಟೂತ್‌ಪೇಸ್ಟು, ಇಂಕು, ತುಪ್ಪ, ಐಸು ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಸ್ವಚ್ಛ ಹತ್ತಿ ಬಟ್ಟೆ ಸಡಿಲಾಗಿ ಮುಚ್ಚಿ 108ಕ್ಕೆ ಫೋನ್ ಮಾಡಿ. ಬೂದಿ ಕ್ಷಾರ, ಬೆವರಿಗೆ ಬೆರೆತರೆ ಗಾಯವಿಲ್ಲದ ಚರ್ಮವೂ ಉರಿಯುತ್ತದೆ. ಅದನ್ನೂ ನೀರಿನಿಂದಲೇ ತೊಳೆಯಿರಿ.

## ಕಾನೂನು, ಅನುಮತಿ, ಆಸೆಗಳು

ಅನುಮತಿ ಯಾರ ಹತ್ರ ಕೇಳಬೇಕು?

ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಯಾಕೆ ಹೋಗಬೇಕು, ಎಷ್ಟು ಜನ, ಯಾವ ದಿನ, ಯಾವ ದಾರಿ ಹತ್ತಿ ಯಾವ ದಾರಿ ಇಳಿಯುತ್ತೀರಿ, ಜೊತೆಗೆ ಆಧಾರ್ ಪ್ರತಿ. ಅವರ ಕೈಯಲ್ಲಿ ಇಲ್ಲದ್ದನ್ನು ಅವರೇ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಕಳಿಸುತ್ತಾರೆ. ದರೋಜಿ ಕರಡಿಧಾಮದಂಥ ಅಭಯಾರಣ್ಯವಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 28ನೇ ಕಲಂ ಪ್ರಕಾರ ಅಧ್ಯಯನ, ಛಾಯಾಗ್ರಹಣ, ಪ್ರವಾಸದಂಥ ಗೊತ್ತಾದ ಕಾರಣಗಳಿಗೆ ಮಾತ್ರ ಪರವಾನಗಿ. ‘ಸುಟ್ಟದ್ದು ನೋಡಬೇಕು’ ಎಂಬ ಕಾರಣ ಆ ಪಟ್ಟಿಯಲ್ಲಿಲ್ಲ. ಕಾಲೇಜು ವಿದ್ಯಾರ್ಥಿಗಳು ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಸಸ್ಯಗಳ ಸಮೀಕ್ಷೆಗೆಂದು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಗಾರ್ಡ್ ಬಾಯಿಮಾತಿನಲ್ಲಿ ‘ಹೋಗಿ ಬರ್ರಿ’ ಅಂದದ್ದು ಅನುಮತಿಯಲ್ಲ, ನಾಳೆ ಏನಾದರೂ ಆದರೆ ಇಬ್ಬರಿಗೂ ತೊಂದರೆ.

ಸಿಕ್ಕಿ ಬಿದ್ದರೆ ಏನಾಗ್ತದ?

ಮೀಸಲು ಅರಣ್ಯದಲ್ಲಿ ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಪ್ರಕರಣ. ಅಭಯಾರಣ್ಯದಲ್ಲಿ ವನ್ಯಜೀವಿ ಕಾಯ್ದೆಯ 27ನೇ ಕಲಂ ಪ್ರವೇಶ ನಿರ್ಬಂಧಿಸುತ್ತದೆ, 30ನೇ ಕಲಂ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿ ಬಿಟ್ಟು ಹೋಗುವುದನ್ನೂ ನಿಷೇಧಿಸುತ್ತದೆ. ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. 2022ರ ತಿದ್ದುಪಡಿ ದಂಡದ ಮಿತಿಯನ್ನು 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿಸಿತು. ಕಾಗದಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿದೆ. ಬೆಂಕಿ ಹಚ್ಚಿದವರು ಯಾರೆಂದು ಹುಡುಕುವ ದಿನಗಳಲ್ಲೇ ನೀವು ಅಲ್ಲಿ ತಿರುಗಾಡುತ್ತಿದ್ದರೆ ಮೊದಲ ಅನುಮಾನ ನಿಮ್ಮ ಮೇಲೆ. ಜೇಬಿನಲ್ಲಿ ಲೈಟರ್ ಇದ್ದರಂತೂ ವಿವರಣೆ ಕೊಟ್ಟು ಸಾಕಾಗಿ ಹೋಗುತ್ತದೆ.

ಮುಳ್ಳುಹಂದಿ ಮುಳ್ಳು, ಕೊಂಬು ಬಿದ್ದಿರ್ತಾವ. ತಂದರೆ ತಪ್ಪಾ?

ತಪ್ಪು. ಸತ್ತು ಬಿದ್ದ ಕಾಡುಪ್ರಾಣಿ, ಅದರ ಕೊಂಬು, ಚರ್ಮ, ಉಗುರು, ಮಾಂಸ ಎಲ್ಲ ವನ್ಯಜೀವಿ ಕಾಯ್ದೆಯ 39ನೇ ಕಲಂ ಪ್ರಕಾರ ಸರ್ಕಾರದ ಆಸ್ತಿ. ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕಾರ ಇರುವ ಅಧಿಕಾರಿಗೆ ತಿಳಿಸಬೇಕು. ಒಳ್ಳೆಯ ದಾರಿ ಎಂದರೆ ಮುಟ್ಟದೆ ಫೋಟೊ ತೆಗೆದು, ಜಾಗ ಗುರುತಿಟ್ಟು 1926ಕ್ಕೆ, ಅಂದರೆ ಅರಣ್ಯ ಇಲಾಖೆಯ ಸಹಾಯವಾಣಿಗೆ ಹೇಳುವುದು. ಗಾಯಗೊಂಡ ಉಡವನ್ನೋ ಮೊಲದ ಮರಿಯನ್ನೋ ಮನೆಗೆ ತಂದು ಸಾಕಲು ಹೋಗಬೇಡಿ. ಕರುಣೆಯಿಂದ ತಂದರೂ ಕಾನೂನಿನ ಕಣ್ಣಿಗೆ ಅದು ಹಿಡಿದು ತಂದದ್ದೇ.

ಬೆಂಕಿ ಬಿದ್ದಾಗ ಹಳೇ ಗೋಡೆ, ಗವಿ ಎಲ್ಲ ಕಾಣ್ತಾವ. ನಿಧಿ ಇದ್ದರೆ?

ಈ ಪ್ರಶ್ನೆ ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ. ಹುಲ್ಲು ಹೋದರೆ ವೀರಗಲ್ಲು, ಕೋಟೆಯ ತಳ, ಬಂಡೆಚಿತ್ರದ ಗವಿ ಕಾಣುವುದು ನಿಜ. ನಮ್ಮ ಸೀಮೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಗೋರಿಗಳು ಸುಮಾರು 400 ಇವೆ, ಊರವರು ಮೋರೇರ ಮನೆ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು. ಅಲ್ಲಿ ಹಾರೆ ಹಿಡಿದವರಿಗೆ ಸಿಗುವುದು ಎಲುಬು, ಮಡಕೆ ಚೂರು. ಹೋಗುವುದು ಮಾತ್ರ ಎರಡು ಮೂರು ಸಾವಿರ ವರ್ಷದ ಸಾಕ್ಷಿ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, 1 ಲಕ್ಷದವರೆಗೆ ದಂಡ. ಸುಟ್ಟ ಚಪ್ಪಡಿಯ ಮೇಲೆ ಇದ್ದಲಿನಲ್ಲಿ ಹೆಸರು ಬರೆಯುವುದೂ ಹಾನಿಯೇ. ಹೊಸದಾಗಿ ಏನಾದರೂ ಕಂಡರೆ ಫೋಟೊ, ಜಾಗದ ಗುರುತು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ಕೊಡಿ. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದು, ಅವರು ತಿಳಿಸಿದ್ದರಿಂದ. ಕಂಡದ್ದನ್ನು ಹೇಳಿದವರ ಹೆಸರು ಉಳಿಯುತ್ತದೆ.

ಡ್ರೋನ್ ಹಾರಿಸಿದರೆ ಒಳಗೆ ಹೋದಂಗಾಗಲ್ಲವಲ್ಲ?

ಡ್ರೋನ್ ನಿಯಮಗಳು, 2021ರ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ಹಾರಿಸಲು ಮೊದಲೇ ಅನುಮತಿ ಬೇಡದ ಪ್ರದೇಶದಲ್ಲಿ, ನೆಲದಿಂದ 400 ಅಡಿವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಮಾತ್ರ. ಸಂಡೂರು–ತೋರಣಗಲ್ಲು ಕಡೆಯವರು ವಿದ್ಯಾನಗರ ವಿಮಾನ ನಿಲ್ದಾಣ ಇದೆ ಎಂಬುದನ್ನು ಮರೆಯುತ್ತಾರೆ. ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಮೊದಲು ನೋಡಿಕೊಳ್ಳಿ. ನಕ್ಷೆ ಹಸಿರಿದ್ದರೂ ಅರಣ್ಯದ ಮೇಲೆ ಹಾರಿಸಲು ಅರಣ್ಯ ಇಲಾಖೆಯನ್ನು ಕೇಳಬೇಕು. ಸದ್ದಿಗೆ ಹೆಜ್ಜೇನು ಏಳುತ್ತದೆ, ಬಂಡೆಯ ಸಂದಿನಲ್ಲಿ ಮರಿ ಇಟ್ಟ ಪ್ರಾಣಿ ಬೆದರುತ್ತದೆ. ಬ್ಯಾಟರಿ ಮುಗಿದು ಬಿದ್ದ ಡ್ರೋನ್ ತರಲು ಕೊನೆಗೆ ನೀವೇ ಒಳಗೆ ಹೋಗುತ್ತೀರಿ.

ರೀಲ್ಸ್ ಮಾಡಿ ಹಾಕಿದರೆ ಜನಕ್ಕ ಜಾಗೃತಿ ಆಗಲ್ಲೇನ್ರಿ?

ಆಗುವುದು ಜಾತ್ರೆ. ನಿಷೇಧಿತ ಜಾಗದಲ್ಲಿ ನಿಂತ ವಿಡಿಯೊ ನಿಮ್ಮ ವಿರುದ್ಧದ ಸಾಕ್ಷಿಯೂ ಹೌದು. ಕೆಳಗಿನ ರಸ್ತೆಯಿಂದ, ಹೊಲದ ಬದುವಿನಿಂದ ಚಿತ್ರಿಸಿ, ಯಾರೂ ಕೇಳುವುದಿಲ್ಲ.

ಬೂದಿ ಚೀಲದಾಗ ತುಂಬಿ ಹೊಲಕ್ಕ ಹಾಕಿದರೆ ಒಳ್ಳೇದಂತ?

ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಉಪಕಾರಿ. ಬಳ್ಳಾರಿ, ರಾಯಚೂರಿನ ಎರೆಭೂಮಿ ಮೊದಲೇ ಕ್ಷಾರ, ಮೇಲೆ ಬೂದಿ ಸುರಿದರೆ ಕ್ಷಾರ ಇನ್ನಷ್ಟು ಏರಿ ಸತು, ಕಬ್ಬಿಣದಂಥ ಪೋಷಕಾಂಶ ಬೆಳೆಗೆ ಸಿಗುವುದು ಕಡಿಮೆಯಾಗುತ್ತದೆ. ಗುಡ್ಡದಿಂದ ಹೊತ್ತು ತಂದು ಹೊಲ ಕೆಡಿಸಿಕೊಳ್ಳುವ ಕೆಲಸ. ಗುಡ್ಡಕ್ಕೆ ಆ ಬೂದಿ ಬೇಕು.

ಸುಟ್ಟ ಮ್ಯಾಲ ಚಿಗುರು ಚಲೋ ಬರ್ತದ, ಕುರಿ ಯಾವಾಗ ಬಿಡಬೌದು?

ಕುರಿ ಸಾಕುವವರ ಆತುರ ಅರ್ಥವಾಗುತ್ತದೆ, ಬೇಸಿಗೆಯಲ್ಲಿ ಮೇವಿಲ್ಲ. ಆದರೆ ಮೊದಲ ಚಿಗುರನ್ನೇ ಕಚ್ಚಿಸಿದರೆ ಹುಲ್ಲಿನ ಬೇರು ಸೋಲುತ್ತದೆ, ಮುಂಗಾರಿನ ಮೊದಲ ಜೋರು ಮಳೆಗೆ ಮಣ್ಣು ಕೊಚ್ಚಿ ಹಳ್ಳಕ್ಕೆ ಬೀಳುತ್ತದೆ, ಮುಂದಿನ ವರ್ಷ ಕರಡವೂ ಇಲ್ಲ, ಮೇವೂ ಇಲ್ಲ. ಬಿಸಿ ಬೂದಿಯಲ್ಲಿ ಗೊರಸಿನ ಸಂದು ಸುಟ್ಟ ಕುರಿ ಎರಡು ದಿನದ ಮೇಲೆ ಕುಂಟಲು ಶುರುಮಾಡುತ್ತದೆ, ಆಗ ಕಾರಣ ಹೊಳೆಯುವುದಿಲ್ಲ. ಉಪ್ಪಿನ ರುಚಿಗೆ ಬೂದಿ ನೆಕ್ಕಿ ಬಾಯಿ ಕೆಡಿಸಿಕೊಳ್ಳುವುದೂ ಉಂಟು. ಅರಣ್ಯದ ಜಾಗವಾದರೆ ಇಲಾಖೆ ತೆರೆಯುವವರೆಗೆ ಕಾಯಬೇಕು. ಗೋಮಾಳವಾದರೂ ಹುಲ್ಲು ಮೊಣಕಾಲೆತ್ತರ ಬರುವವರೆಗೆ ಬಿಡಬೇಡಿ.

## ಕಲ್ಲು, ಪ್ರಾಣಿ, ಗಣಿ, ತಂತಿ

ನಮ್ಮ ಗುಡ್ಡ ಬರೀ ಬಂಡೆ. ಕಲ್ಲಿಗೆ ಬೆಂಕಿ ಏನು ಮಾಡ್ತದ?

ಬಹಳ ಮಾಡುತ್ತದೆ. ಆನೆಗೊಂದಿ, ಕೊಪ್ಪಳ, ಬಳ್ಳಾರಿ ಗುಡ್ಡಗಳು ಬಹುಪಾಲು ಗ್ರಾನೈಟ್ ಜಾತಿಯ ಕಲ್ಲು. ಅದರೊಳಗಿನ ಬೆಣಚು ಕಲ್ಲಿನ ಕಣ ಬಿಸಿಗೆ ಹಿಗ್ಗುತ್ತದೆ, 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಮ್ಮೆಲೇ ರೂಪ ಬದಲಿಸಿ ಇನ್ನೂ ಹಿಗ್ಗುತ್ತದೆ. ಹೊರ ಮೈ ಹಿಗ್ಗಿ ಒಳ ಮೈ ತಣ್ಣಗೇ ಇದ್ದರೆ ಹೊರ ಪದರ ಕಳಚಿಕೊಳ್ಳುತ್ತದೆ. ಹಿಂದೆ ಕಲ್ಲು ಕೆಲಸದವರು ಬಂಡೆಯ ಮೇಲೆ ಕಟ್ಟಿಗೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಇದೇ ಗುಣದಿಂದ. ಕಾಡಿನ ಬೆಂಕಿ ಹೇಳಿ ಕೇಳಿ ಮಾಡುವುದಿಲ್ಲ. ಬಂಡೆಗೆ ಒರಗಿದ್ದ ಒಂದು ಒಣ ಮರ ಸುಟ್ಟರೆ ಅಲ್ಲಿ ತಟ್ಟೆಯಷ್ಟು, ಕೆಲವೆಡೆ ಬಾಗಿಲಷ್ಟು ಚಕ್ಕೆ ಅರ್ಧ ಎದ್ದು ನಿಂತಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಕಲ್ಲು ಮಂದವಾಗಿ ನುಡಿಯುತ್ತದೆ, ಎದ್ದ ಚಕ್ಕೆ ಒಡೆದ ಮಡಕೆಯಂತೆ ಟೊಳ್ಳು ಸದ್ದು ಕೊಡುತ್ತದೆ. ಅದರ ಮೇಲೆ ಕಾಲಿಟ್ಟು ಹತ್ತಿದರೆ ಚಕ್ಕೆಯೂ ನೀವೂ ಕೂಡಿ ಕೆಳಗೆ.

ಇದಕ್ಕಿಂತ ದೊಡ್ಡದು ಗುಂಡುಕಲ್ಲುಗಳ ಮಾತು. ಇಳಿಜಾರಿನಲ್ಲಿ ಎಷ್ಟೋ ಗುಂಡುಗಳು ಒಂದು ಬೇರಿನ, ಒಂದು ಪೊದೆಯ ಆಸರೆಯಲ್ಲಿ ಕೂತಿರುತ್ತವೆ. ಆಸರೆ ಸುಟ್ಟ ಮೇಲೆ ಅವು ಯಾವಾಗ ಬೇಕಾದರೂ ಉರುಳಬಹುದು, ಮೊದಲ ಮಳೆಗಂತೂ ಖಂಡಿತ ಕೆಲವು ಉರುಳುತ್ತವೆ. ಸುಟ್ಟ ಇಳಿಜಾರಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬೇಡಿ, ಅಡ್ಡಡ್ಡ ಹೋಗಿ. ಬುಡ ಸುಟ್ಟು ನಿಂತ ಮರದಿಂದ ಅದರ ಎತ್ತರದ ಎರಡು ಪಟ್ಟು ದೂರ ಇರಿ. ಅದು ಗಾಳಿ ಇಲ್ಲದಾಗಲೂ, ಸದ್ದೇ ಮಾಡದೆ ಬೀಳುತ್ತದೆ.

ಬೆಂಕಿಗೆ ಕರಡಿ, ಚಿರತೆ ಎಲ್ಲ ಓಡಿ ಹೋಗಿರ್ತಾವಲ್ಲ?

ಓಡಿ ಹೋದವು ತಿರುಗಿ ಬರುತ್ತವೆ, ಬಂಡೆಯ ಗವಿಯೊಳಗಿದ್ದವು ಹೋಗಿರುವುದೇ ಇಲ್ಲ. ಬೆಂಕಿಯ ಕಾಲ ಕರಡಿಯ ಲೆಕ್ಕದಲ್ಲೂ ಸೂಕ್ಷ್ಮ: ಚಳಿಗಾಲದಲ್ಲಿ ಹುಟ್ಟಿದ ಮರಿಗಳನ್ನು ಬೆನ್ನಮೇಲೆ ಹೊತ್ತು ತಾಯಿ ಹೊರಬೀಳುವ ತಿಂಗಳುಗಳೇ ಇವು. ಸುಟ್ಟ ಮೇಲೆ ಗೆದ್ದಲ ಹುತ್ತ ಎದ್ದು ಕಾಣುತ್ತದೆ, ಅದನ್ನು ಕೆದರಲು ಕರಡಿ ಬಂದೇ ಬರುತ್ತದೆ. ಕರಡಿ ಹುಡುಕಿಕೊಂಡು ಬಂದು ಕಚ್ಚುವ ಪ್ರಾಣಿಯಲ್ಲ, ಹತ್ತಿರದಲ್ಲಿ ಥಟ್ಟನೆ ಮನುಷ್ಯ ಕಂಡರೆ ಮೈಮೇಲೆ ಬೀಳುತ್ತದೆ. ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಹೋಗಲೇಬೇಡಿ, ಗವಿಯ ಬಾಯಿಗೆ ಟಾರ್ಚ್ ಬಿಡಬೇಡಿ, ಗುಂಪಿನಲ್ಲಿ ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ. ಕಂಡರೆ ಓಡದೆ, ಮುಖ ಅತ್ತಲೇ ಇಟ್ಟು ಹಿಂದೆ ಸರಿಯಿರಿ.

ಹಾವು ಸುಟ್ಟು ಸತ್ತಿರ್ತಾವಾ?

ಕೆಲವು. ಕಲ್ಲಿನಡಿ ಇದ್ದವು ಬದುಕಿ, ರಾತ್ರಿ ಬಯಲಿಗೆ ಬರುತ್ತವೆ. ಗರಗಸ ಮಂಡಲ ಗೇಣುದ್ದದ ಹಾವು, ಕಲ್ಲೆತ್ತಿದವರ ಬೆರಳಿಗೇ ಸಿಗುತ್ತದೆ. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಬೇರು ಅರೆಯುವುದು ಬಿಟ್ಟು ಕೈಕಾಲು ಅಲ್ಲಾಡಿಸದಂತೆ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ, ಹಾವನ್ನು ಕೊಂದು ಒಯ್ಯುವ ಅಗತ್ಯವಿಲ್ಲ.

ಸಂಡೂರಾಗ ಮುಚ್ಚಿದ ಗಣಿ ಬಾಳ ಅದಾವ. ಕಾಡು ಸುಟ್ಟು ದಾರಿ ಬಿಟ್ಟಾಗ ಅಲ್ಲಿಗೆ ಹೋಗಬೌದಾ?

ಬೇಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, 2013ರ ಏಪ್ರಿಲ್‌ನಲ್ಲಿ ‘ಸಿ’ ವರ್ಗದ, ಅಂದರೆ ಅಕ್ರಮ ಅತಿ ಹೆಚ್ಚಿದ್ದ ಗುತ್ತಿಗೆಗಳನ್ನು ರದ್ದು ಮಾಡಿತು. ಕೆಲಸ ನಿಂತ ಗುಂಡಿಗಳ ಮೆಟ್ಟಿಲು ಅಂಚು ವರ್ಷ ವರ್ಷ ಸಡಿಲವಾಗುತ್ತವೆ, ಅವನ್ನು ಹಿಡಿದಿದ್ದದ್ದು ಮೇಲೆ ಬೆಳೆದ ಪೊದೆ. ಅದು ಸುಟ್ಟಿತೆಂದರೆ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆಯೂ ನೆಲ ಕುಸಿಯಬಹುದು. ನಡೆಯುತ್ತಿರುವ ಗಣಿಯಾದರೆ ಕೆಂಪು ಬಾವುಟ, ಸೈರನ್ ಸಿಡಿಮದ್ದು ಹಾರಿಸುವ ಮುನ್ಸೂಚನೆ ಎಂದು ಸಂಡೂರಿನವರಿಗೆ ಹೇಳಬೇಕಿಲ್ಲ. ಗುಂಡಿಯಲ್ಲಿ ನಿಂತ ಹಸಿರು ನೀರಿಗೆ ಈಜಲು ಇಳಿದರೆ ಹತ್ತಿ ಬರಲು ಮೆಟ್ಟಿಲಿಲ್ಲ, ಗೋಡೆ ನೆಟ್ಟಗಿದೆ.

ಗುಡ್ಡದ ಮೇಲೆ ಕರೆಂಟ್ ಲೈನ್ ಹೋಗೇತಿ. ಅದರಡಿ ನಡೀಬೌದಾ?

ತಂತಿ ಜೋತು ಬಿದ್ದಿದ್ದರೆ, ಮರದ ಕಂಬ ಬುಡ ಸುಟ್ಟಿದ್ದರೆ ಹತ್ತು ಮೀಟರ್ ದೂರದಲ್ಲೇ ನಿಂತು ಜೆಸ್ಕಾಂನ 1912ಕ್ಕೆ ಫೋನ್ ಮಾಡಿ. ದಟ್ಟ ಹೊಗೆ ಇರುವಾಗ ಹೈ ಟೆನ್ಶನ್ ಲೈನಿನಡಿ ನಿಲ್ಲಲೇಬೇಡಿ, ಮಸಿ ತುಂಬಿದ ಹೊಗೆಯೊಳಗಿಂದ ವಿದ್ಯುತ್ ನೆಲಕ್ಕೆ ಜಿಗಿಯುತ್ತದೆ.

## ಇನ್ನೂ ಒಳಗೆ ಹೋಗಿ ಕೇಳುವವರಿಗೆ

ಸ್ಯಾಟಲೈಟ್ ಮ್ಯಾಪಿನಲ್ಲಿ ಕೆಂಪು ಚುಕ್ಕೆ ಇಲ್ಲ, ಅಂದರೆ ಆರಿದೆ ತಾನೆ?

ಹಾಗಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಕಳಿಸುವ ಎಚ್ಚರಿಕೆ ಎರಡು ಬಗೆಯ ಉಪಗ್ರಹ ಸಂವೇದಕಗಳಿಂದ ಬರುತ್ತದೆ: ಮೋಡಿಸ್ 1 ಕಿ.ಮೀ. ಚೌಕ ನೋಡುತ್ತದೆ, ವಿಐಐಆರ್‌ಎಸ್ 375 ಮೀಟರ್ ಚೌಕ. ಚುಕ್ಕೆ ಬೀಳುವುದು ಆ ಚೌಕದ ನಡುಮಧ್ಯೆ, ಬೆಂಕಿ ಚೌಕದ ಯಾವ ಮೂಲೆಯಲ್ಲೂ ಇರಬಹುದು. ವಿಐಐಆರ್‌ಎಸ್ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ, ರಾತ್ರಿ ಎರಡೂ ಸಲ ಸುಮಾರು ಒಂದೂವರೆಗೆ. ಮೂರಕ್ಕೆ ಹತ್ತಿ ರಾತ್ರಿ ಹನ್ನೊಂದಕ್ಕೆ ಆರಿದ ಹುಲ್ಲಿನ ಬೆಂಕಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಬೊಡ್ಡೆಯ ಕೆಂಡವಂತೂ ಇಲ್ಲವೇ ಇಲ್ಲ. ಆ ನಕ್ಷೆ ಎಲ್ಲಿ ಹತ್ತಿದೆ ಎಂದು ತಿಳಿಯಲು ಒಳ್ಳೆಯದು, ಎಲ್ಲಿ ಆರಿದೆ ಎಂದು ತಿಳಿಯಲು ಅಲ್ಲ. ಎಸ್‌ಎಂಎಸ್ ಎಚ್ಚರಿಕೆಗೆ ಯಾರು ಬೇಕಾದರೂ ಉಚಿತವಾಗಿ ಹೆಸರು ನೋಂದಾಯಿಸಬಹುದು.

ಸುಮ್ಮನೆ ನೋಡಕ್ಕಲ್ಲ, ಕೆಲಸ ಮಾಡಕ್ಕ ಬರ್ತೀವಿ. ಏನು ಮಾಡಬೇಕಾಗ್ತದ?

ಕುತೂಹಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇಸಿಗೆ ಶುರುವಾಗುವ ಮೊದಲೇ ವಲಯ ಕಚೇರಿಯಲ್ಲಿ ಹೆಸರು ಕೊಟ್ಟಿಡಿ, ಬೆಂಕಿಯ ದಿನ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆರಿದ ಮೇಲಿನ ಕೆಲಸ ಹೀಗೆ ಸಾಗುತ್ತದೆ. ಮೊದಲು ಸುಟ್ಟ ಜಾಗದ ಅಂಚು, ಅಲ್ಲಿಂದ ಒಳಕ್ಕೆ ಸುಮಾರು 30 ಮೀಟರ್. ನಟ್ಟನಡುವೆ ಉರಿಯುವ ಬೊಡ್ಡೆಯನ್ನು ಬಿಟ್ಟರೂ ನಡೆಯುತ್ತದೆ, ಅಂಚಿನದನ್ನು ಬಿಟ್ಟರೆ ನಡೆಯದು. ಕೆಂಡವಿರುವ ದಿಮ್ಮಿಯನ್ನು ಇಳಿಜಾರಿಗೆ ಅಡ್ಡವಾಗಿ ಬಿಡಬಾರದು, ಉದ್ದುದ್ದ ತಿರುಗಿಸಿಡಬೇಕು, ಇಲ್ಲವಾದರೆ ಉರುಳಿ ಕೆಳಗಿನ ಹುಲ್ಲಿಗೆ ಹಚ್ಚುತ್ತದೆ. ಬೊಡ್ಡೆಯ ಸುತ್ತ ಅಗೆದು, ಕೆಂಡ ಕೆದರಿ, ನೀರು ಹಾಕಿ, ಮತ್ತೆ ಕೆದರಿ, ಮತ್ತೆ ಹಾಕಬೇಕು. ಮೇಲೆ ಮಣ್ಣು ಮುಚ್ಚಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಇದ್ದಲು ಮಾಡುವವರು ಮಣ್ಣು ಮುಚ್ಚುವುದು ಬೆಂಕಿ ಆರಿಸಲು ಅಲ್ಲವಲ್ಲ, ದಿನಗಟ್ಟಲೆ ಉಳಿಸಲು. ನೀರಿಲ್ಲದಿದ್ದರೆ ಮಣ್ಣನ್ನು ಕೆಂಡದೊಡನೆ ಕಲಸಬೇಕು.

ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಸಾಕಷ್ಟು ಕೆಲಸ ಮಾಡುತ್ತದೆ. ಔಷಧಿ ಹೊಡೆದ ಟ್ಯಾಂಕಾದರೆ ಮೂರು ಸಲ ತೊಳೆದು ತನ್ನಿ, ಬಿಸಿ ಕೆಂಡದ ಮೇಲೆ ಔಷಧಿಯ ಆವಿ ಎದ್ದರೆ ಮೂಗಿಗೇ ಬರುತ್ತದೆ. ಟ್ಯಾಂಕಿಗೆ ಒಂದು ಚಮಚ ಸೋಪಿನ ಪುಡಿ ಹಾಕಿದರೆ ನೀರು ಬೂದಿಯ ಮೇಲೆ ಮುತ್ತಾಗಿ ಉರುಳದೆ ಒಳಗಿಳಿಯುತ್ತದೆ.

ಮತ್ತ ಹೊಗಿ ಕಂಡರೆ ಫೋನಿನಲ್ಲಿ ಏನಂತ ಹೇಳಬೇಕು?

‘ಗುಡ್ಡಕ್ಕೆ ಬೆಂಕಿ ಬಿದ್ದಿದೆ’ ಎಂದರೆ ಯಾವ ಗುಡ್ಡ ಎಂದು ಹುಡುಕುವುದರಲ್ಲೇ ಅರ್ಧ ತಾಸು ಹೋಗುತ್ತದೆ. 1926 ಅಥವಾ 112ಕ್ಕೆ ಕರೆ ಮಾಡಿ ನೀವು ಎಲ್ಲಿ ನಿಂತಿದ್ದೀರಿ, ಹೊಗೆ ಯಾವ ದಿಕ್ಕಿಗಿದೆ, ಹತ್ತಿರದ ದೇವಸ್ಥಾನ, ಟವರ್ ಅಥವಾ ಕೆರೆ ಯಾವುದು, ಹೊಗೆ ಬಿಳಿಯೋ ಕಪ್ಪೋ, ಗಾಳಿ ಯಾವ ಕಡೆಯಿಂದ ಯಾವ ಕಡೆಗೆ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಇಷ್ಟು ಹೇಳಿ. ಲೊಕೇಶನ್ ಕಳಿಸುವಾಗ ಅದು ನಿಮ್ಮ ಜಾಗ, ಬೆಂಕಿಯದಲ್ಲ ಎಂದು ಸ್ಪಷ್ಟ ಮಾಡಿ.

ಬೆಂಕಿ ಎಲ್ಲಿಂದ ಹತ್ತಿತು ಅಂತ ಸುಟ್ಟ ನೆಲ ನೋಡಿ ಹೇಳಬೌದಾ?

ಬಲ್ಲವರು ಹೇಳುತ್ತಾರೆ, ಒಂದು ಗುರುತಿನಿಂದಲ್ಲ, ಹತ್ತು ಗುರುತು ಕೂಡಿಸಿ. ಬೆಂಕಿ ಬಂದ ಕಡೆಗೆ ಮುಖ ಮಾಡಿದ್ದ ಕಲ್ಲಿನ ಮೈ ಹೆಚ್ಚು ಸುಟ್ಟು ಬಣ್ಣಗೆಟ್ಟಿರುತ್ತದೆ, ಮರೆಯಲ್ಲಿದ್ದ ಮೈ ತಿಳಿಯಾಗಿರುತ್ತದೆ, ಅದರ ಬೆನ್ನಿಗೆ ನಾಲ್ಕು ಹುಲ್ಲಿನ ಎಸಳು ಸುಡದೆ ಉಳಿದಿರುವುದೂ ಉಂಟು. ಗಾಳಿಯ ಜೊತೆ ಓಡಿದ ಬೆಂಕಿಯಾದರೆ ಮರದ ಕಾಂಡದ ಮೇಲೆ ಕರಿ, ಬೆಂಕಿ ಬಂದ ಕಡೆಗಿಂತ ಹೋದ ಕಡೆಯ ಮೈಯಲ್ಲಿ ಎತ್ತರಕ್ಕೆ ಏರಿರುತ್ತದೆ, ಯಾಕೆಂದರೆ ಕಾಂಡವನ್ನು ಸುತ್ತಿ ಬಂದ ಜ್ವಾಲೆ ಗಾಳಿಯ ಮರೆಯಲ್ಲಿ ಮೇಲಕ್ಕೆದ್ದು ನಿಲ್ಲುತ್ತದೆ. ಗಾಳಿಗೆದುರಾಗಿ ಮೆಲ್ಲಗೆ ಸರಿದ ಬೆಂಕಿಯಲ್ಲಿ ಹುಲ್ಲಿನ ಕಡ್ಡಿ ಬುಡದಲ್ಲಿ ಸುಟ್ಟು, ಬೆಂಕಿ ಬಂದ ಕಡೆಗೇ ತಲೆ ಹಾಕಿ ಬೀಳುತ್ತದೆ. ಹೀಗೆ ಹಿಂದೆ ಹಿಂದೆ ಹೋದರೆ ಹುಲ್ಲು ಅರೆಬರೆ ಸುಟ್ಟ, ಗುರುತುಗಳು ನಾಲ್ಕೂ ಕಡೆಗೆ ಗೊಂದಲವಾಗಿ ಕಾಣುವ ಒಂದು ಸಣ್ಣ ಜಾಗ ಸಿಗುತ್ತದೆ. ಹತ್ತಿದ್ದು ಅಲ್ಲಿ.

ಕಡ್ಡಿಯ ತುದಿ, ಬೀಡಿ ತುಂಡು, ಮೂರು ಕಲ್ಲಿನ ಒಲೆ ಇರುವುದು ಆ ಜಾಗದಲ್ಲೇ, ಬೂದಿಯ ಮೇಲೆ, ಊದಿದರೆ ಹಾರುವಷ್ಟು ಹಗುರಾಗಿ. ನೋಡಲು ಬಂದ ಇಪ್ಪತ್ತು ಜನ ಅದರ ಮೇಲೆ ನಡೆದು ಹೋದ ಮೇಲೆ ತನಿಖೆಗೆ ಬಂದವರಿಗೆ ಉಳಿಯುವುದು ಇಪ್ಪತ್ತು ಜೊತೆ ಚಪ್ಪಲಿಯ ಗುರುತು.